ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಊಟ: ಹಾಲು, ಟೊಮೆಟೊ, ಅಗಸೆ, ಮಾತ್ರೆ – ಯಾವುದಕ್ಕೆ ಆಧಾರ ಇದೆ?

ಕಟ್ಟೆಪುರಾಣ
ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಮತ್ತೆ ಮತ್ತೆ ಬರ್ತಿದೆ. ಐವತ್ತು ದಾಟಿದ ಗಂಡಸರು ಹಾಲು ಬಿಡಬೇಕು, ದಿನಾ ಟೊಮೆಟೊ ತಿನ್ನಬೇಕು, ಸೆಲೆನಿಯಂ ಮತ್ತು ವಿಟಮಿನ್ ಇ ನುಂಗಬೇಕು, ಬೆಳಿಗ್ಗೆ ಅಗಸೆ ಪುಡಿ, ಸಂಜೆ ಗ್ರೀನ್ ಟೀ. ಇಷ್ಟು ಮಾಡಿದರೆ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಹತ್ತಿರವೂ ಸುಳಿಯಲ್ಲವಂತೆ. ಇದರಲ್ಲಿ ಯಾವುದಕ್ಕೆ ಅಧ್ಯಯನದ ಬಲ ಇದೆ, ಯಾವುದು ಬರೀ ಗಾಳಿಮಾತು? ಇಲ್ಲಿ ಆಹಾರ, ಔಷಧ, ಲ್ಯಾಬ್ ಕೆಲಸ ಬಲ್ಲವರು ಇದ್ದೀರಿ. "ನಮ್ಮ ಮಾವನಿಗೆ ಹೀಗಾಯ್ತು" ಅನ್ನೋ ಕಥೆ ಬೇಡ. ಪ್ರಮಾಣ, ಲೆಕ್ಕ, ಕಾರಣ ಬರೆಯಿರಿ.

ತಕ್ಕಡಿ
ಒಂದೊಂದೇ ಪದಾರ್ಥಕ್ಕೆ ಹೋಗುವ ಮುಂಚೆ ಒಂದು ವಿಷಯ ಸ್ಪಷ್ಟವಾಗಲಿ, ಇಲ್ಲದಿದ್ದರೆ ಈ ಚರ್ಚೆ ಪೂರ್ತಿ ದಾರಿ ತಪ್ಪುತ್ತೆ.

ಪ್ರಾಸ್ಟೇಟ್ ಕ್ಯಾನ್ಸರ್ ಅಂದರೆ ಒಂದೇ ಬಗೆಯ ಕಾಯಿಲೆ ಅಲ್ಲ. ಬೇರೆ ಕಾರಣಕ್ಕೆ ತೀರಿಕೊಂಡ ಗಂಡಸರ ಶವಪರೀಕ್ಷೆಯ ವರದಿಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ವಿಶ್ಲೇಷಣೆ ಬಂತು. 79 ವರ್ಷ ದಾಟಿದವರಲ್ಲಿ ಶೇ. 59ರಷ್ಟು ಜನರ ಪ್ರಾಸ್ಟೇಟ್‌ನಲ್ಲಿ ಕ್ಯಾನ್ಸರ್ ಕೋಶಗಳಿದ್ದವು. ಬದುಕಿದ್ದಾಗ ಅವರಿಗೆ ಅದರ ಸುಳಿವೇ ಇರಲಿಲ್ಲ. ಅಂದರೆ ಹುಡುಕಿದಷ್ಟೂ ಸಿಗುವ ಕ್ಯಾನ್ಸರ್ ಇದು. ಹಾಗಾಗಿ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ಒಂದು ಪ್ರೋಟೀನು) ಅಳೆಯುವ ರಕ್ತಪರೀಕ್ಷೆ ಯಾರು ಹೆಚ್ಚು ಮಾಡಿಸುತ್ತಾರೋ ಅವರಲ್ಲೇ ಹೆಚ್ಚು ಪತ್ತೆಯಾಗುತ್ತೆ. ತರಕಾರಿ ಹೆಚ್ಚು ತಿನ್ನುವವರು, ವಿಟಮಿನ್ ನುಂಗುವವರು, ವರ್ಷಕ್ಕೊಮ್ಮೆ ಚೆಕಪ್ ಮಾಡಿಸುವವರು ಬಹುಪಾಲು ಅದೇ ಜನ. ಇದರಿಂದ ಲೆಕ್ಕ ಎರಡೂ ಕಡೆಗೆ ವಾಲಬಹುದು: ಒಳ್ಳೆ ಆಹಾರವೇ ಕ್ಯಾನ್ಸರ್ ತಂದಂತೆ ಕಾಣಬಹುದು, ಚೆಕಪ್ಪಿಗೇ ಹೋಗದವನ ಊಟ ರಕ್ಷಣೆ ಕೊಟ್ಟಂತೆಯೂ ಕಾಣಬಹುದು.

ಹಾಗಾಗಿ ಪತ್ರಿಕೆಯಲ್ಲಿ "ಇದನ್ನು ತಿಂದರೆ ಶೇ. ಇಷ್ಟು ಕಡಿಮೆ" ಅಂತ ಓದಿದಾಗ ಮೊದಲು ಕೇಳಬೇಕಾದ್ದು: ಎಣಿಸಿದ್ದು ಯಾವ ಕ್ಯಾನ್ಸರನ್ನು? ಪತ್ತೆಯಾದ ಎಲ್ಲವನ್ನೂ ಎಣಿಸಿದ್ದಾರಾ, ಅಥವಾ ಗ್ರಂಥಿಯ ಆಚೆಗೆ ಹರಡಿದ್ದನ್ನು, ಪ್ರಾಣ ತೆಗೆದದ್ದನ್ನು ಮಾತ್ರವಾ? ಎರಡನೆಯದಿದ್ದರೆ ಮುಂದೆ ಓದಿ. ಮೊದಲನೆಯದು ಮಾತ್ರ ಇದ್ದರೆ, ಪಿಎಸ್‌ಎ ಪರೀಕ್ಷೆಯ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸಿದ್ದಾರಾ ನೋಡಿ.

ಔಷಧದಂಗಡಿ
ಪಟ್ಟಿಯಲ್ಲಿ ನಿಜಕ್ಕೂ ಹಾನಿ ಮಾಡಬಲ್ಲದ್ದು ಮಾತ್ರೆಯ ಸಾಲು. ಅದನ್ನೇ ಮೊದಲು ಎತ್ತಿಕೊಳ್ತೀನಿ.

ಈ ನಂಬಿಕೆ ಹುಟ್ಟಿದ್ದು ಸುಮ್ಮನೆ ಅಲ್ಲ. 1996ರಲ್ಲಿ ಅಮೆರಿಕದ ಒಂದು ಪ್ರಯೋಗ ಬಂತು. ಚರ್ಮದ ಕ್ಯಾನ್ಸರ್ ಮರುಕಳಿಸದಿರಲಿ ಅಂತ 1312 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ಕೊಟ್ಟಿದ್ದರು. ಚರ್ಮಕ್ಕೆ ಏನೂ ಲಾಭ ಆಗಲಿಲ್ಲ, ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 63ರಷ್ಟು ಕಡಿಮೆ ಕಂಡಿತು. 1998ರಲ್ಲಿ ಫಿನ್ಲೆಂಡ್‌ನಿಂದ ಇನ್ನೊಂದು ವರದಿ: ಧೂಮಪಾನ ಮಾಡುವ 29,133 ಗಂಡಸರ ಪ್ರಯೋಗದಲ್ಲಿ ದಿನಕ್ಕೆ 50 ಮಿಗ್ರಾಂ ವಿಟಮಿನ್ ಇ ತಗೊಂಡವರಲ್ಲಿ ಶೇ. 32 ಕಡಿಮೆ. ಎರಡೂ ಕಡೆ ಪ್ರಾಸ್ಟೇಟ್ ಮುಖ್ಯ ಪ್ರಶ್ನೆಯಾಗಿರಲಿಲ್ಲ, ಪಕ್ಕದಲ್ಲಿ ಸಿಕ್ಕ ಫಲಿತಾಂಶ ಅದು.

ಅದನ್ನು ನೇರವಾಗಿ ಪರೀಕ್ಷಿಸೋಕೆ 2001ರಲ್ಲಿ ಸೆಲೆಕ್ಟ್ ಅನ್ನೋ ಪ್ರಯೋಗ ಶುರುವಾಯ್ತು. ಅಮೆರಿಕ, ಕೆನಡಾ, ಪೋರ್ಟೊ ರಿಕೊ ಸೇರಿ 35,533 ಗಂಡಸರು, ನಾಲ್ಕು ಗುಂಪು: ಸೆಲೆನಿಯಂ 200 ಮೈಕ್ರೋಗ್ರಾಂ, ವಿಟಮಿನ್ ಇ 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ), ಎರಡೂ, ಎರಡೂ ಇಲ್ಲದ ಹುಸಿ ಮಾತ್ರೆ. ಲಾಭದ ಲಕ್ಷಣವೇ ಇಲ್ಲ ಅಂತ 2008ರಲ್ಲಿ ಮಾತ್ರೆ ನಿಲ್ಲಿಸಿದರು. ಅವರ ಆರೋಗ್ಯದ ಮೇಲೆ ಕಣ್ಣಿಡೋದನ್ನ ಮಾತ್ರ ಮುಂದುವರಿಸಿದರು. 2011ರ ಹೊತ್ತಿಗೆ ಹುಸಿ ಮಾತ್ರೆಯವರಲ್ಲಿ 529 ಕ್ಯಾನ್ಸರ್, ವಿಟಮಿನ್ ಇ ಮಾತ್ರ ನುಂಗಿದವರಲ್ಲಿ 620. ಅಂದರೆ ಶೇ. 17 ಹೆಚ್ಚು. ಮಾತ್ರೆ ಬಿಟ್ಟ ಮೇಲೂ ಅಪಾಯದ ಗೆರೆ ಏರುತ್ತಲೇ ಇತ್ತು.

ಈಗ ನಮ್ಮ ಅಂಗಡಿಗಳಿಗೆ ಬನ್ನಿ. ಕಾಲು ಸೆಳೆತಕ್ಕೆ, ಚರ್ಮಕ್ಕೆ, ಕೂದಲಿಗೆ ಅಂತ ಚೀಟಿ ಇಲ್ಲದೆ ಕೇಳಿ ಒಯ್ಯುವ 400 ಮಿಗ್ರಾಂ ವಿಟಮಿನ್ ಇ ಕ್ಯಾಪ್ಸೂಲ್ ಇದೆಯಲ್ಲ, ಅದರಲ್ಲಿ ಸಾಮಾನ್ಯವಾಗಿ ಇರೋದು ಕೃತಕ ಟೊಕೊಫೆರಿಲ್ ಅಸಿಟೇಟ್. ಆ ರೂಪದಲ್ಲಿ 1 ಮಿಗ್ರಾಂ ಅಂದರೆ 1 ಐಯು. ಲೆಕ್ಕ ಹಾಕಿದರೆ ಸೆಲೆಕ್ಟ್‌ನಲ್ಲಿ ಹಾನಿ ತೋರಿದ ಡೋಸೇ ಅದು. ವೈದ್ಯರು ಲಿವರ್ ಅಥವಾ ಬೇರೆ ನಿರ್ದಿಷ್ಟ ಕಾರಣಕ್ಕೆ ಬರೆದುಕೊಟ್ಟಿದ್ದರೆ ಅವರನ್ನೇ ಕೇಳಿ. "ಸುಮ್ಮನೆ ಒಳ್ಳೇದು" ಅಂತ ವರ್ಷಗಟ್ಟಲೆ ನುಂಗ್ತಿದ್ದರೆ ನಿಲ್ಲಿಸಿ.

ಕಟ್ಟೆಪುರಾಣ
ಸೆಲೆನಿಯಂ ಕಡಿಮೆ ಇರುವವರಿಗಾದರೂ ಮಾತ್ರೆಯಿಂದ ಉಪಯೋಗ ಇರಬೇಕಲ್ಲ ಸರ್?

ಔಷಧದಂಗಡಿ
ಹಾಗಂತ ಎಲ್ಲರೂ ನಂಬಿದ್ದರು. 2014ರಲ್ಲಿ ಸೆಲೆಕ್ಟ್‌ನವರದ್ದೇ ಕಾಲುಗುರಿನಲ್ಲಿ ಸೆಲೆನಿಯಂ ಮಟ್ಟ ಅಳೆದು ನೋಡಿದರು. ಕಡಿಮೆ ಇದ್ದವರಿಗೆ ಸೆಲೆನಿಯಂ ಮಾತ್ರೆಯಿಂದ ಲಾಭ ಕಾಣಲಿಲ್ಲ. ಮೊದಲೇ ಹೆಚ್ಚಿದ್ದವರು ಮಾತ್ರೆ ತಗೊಂಡಾಗ ಉಗ್ರ ಸ್ವರೂಪದ ಕ್ಯಾನ್ಸರ್ ಶೇ. 91 ಹೆಚ್ಚಾಯ್ತು. ಸೆಲೆನಿಯಂ ಕಡಿಮೆ ಇದ್ದವರಲ್ಲಿ ವಿಟಮಿನ್ ಇ ಒಂದೇ ಒಟ್ಟು ಪ್ರಾಸ್ಟೇಟ್ ಕ್ಯಾನ್ಸರನ್ನು ಶೇ. 63 ಹೆಚ್ಚಿಸಿತು. ಯಾವ ಮೂಲೆಯಿಂದ ನೋಡಿದರೂ ಮಾತ್ರೆ ಗೆಲ್ಲಲಿಲ್ಲ.

"ಐವತ್ತು ದಾಟಿದ ಗಂಡಸರಿಗೆ" ಅಂತ ಬರೆದ ಮಲ್ಟಿವಿಟಮಿನ್ ಡಬ್ಬಿಗಳ ಹಿಂದಿನ ಚೀಟಿ ಓದಿ. ಸೆಲೆನಿಯಂ, ಫೋಲಿಕ್ ಆಮ್ಲ, ಸತು ಎಷ್ಟೆಷ್ಟು ಇದೆ ನೋಡಿ. ಜೊತೆಗೆ ಪ್ರೋಟೀನ್ ಪುಡಿ, ಇನ್ನೊಂದು "ಇಮ್ಯುನಿಟಿ" ಮಾತ್ರೆ ಇದ್ದರೆ ಮೂರನ್ನೂ ಕೂಡಿಸಿ. ಒಂದೇ ಪೋಷಕಾಂಶ ಮೂರು ಡಬ್ಬಿಯಿಂದ ಬರ್ತಿರುತ್ತೆ, ಯಾರೂ ಕೂಡಿಸಿ ನೋಡಿರಲ್ಲ. ಫೋಲಿಕ್ ಆಮ್ಲದ ಬಗ್ಗೆಯೂ ಒಂದು ಎಚ್ಚರ: 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ದಿನಕ್ಕೆ 1 ಮಿಗ್ರಾಂ ತಗೊಂಡ ಗಂಡಸರಲ್ಲಿ ಹತ್ತು ವರ್ಷದೊಳಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗುವ ಅಂದಾಜು ಶೇ. 9.7, ತಗೊಳ್ಳದವರಲ್ಲಿ ಶೇ. 3.3. ಆಮೇಲೆ ಹಲವು ಪ್ರಯೋಗ ಕೂಡಿಸಿ ನೋಡಿದಾಗ ಅಷ್ಟು ದೊಡ್ಡ ವ್ಯತ್ಯಾಸ ಉಳಿಯಲಿಲ್ಲ. ಸೊಪ್ಪು, ಬೇಳೆಯಲ್ಲಿರುವ ಫೋಲೇಟ್‌ಗೆ ಈ ಭಯ ಅನ್ವಯಿಸಲ್ಲ.

ಮುದ್ದೆಬಸ್ಸಾರು
ಹಾಲಿನ ವಿಷಯ ನಾನು ಬರೀತೀನಿ. ಇಲ್ಲಿ ಪೂರ್ತಿ ಗಾಳಿಮಾತು ಅಂತ ತಳ್ಳಿಹಾಕೋಕೆ ಆಗಲ್ಲ, "ಬಿಟ್ಟುಬಿಡಿ" ಅನ್ನೋದೂ ಅತಿ.

ಲೋಮಾ ಲಿಂಡಾ ವಿಶ್ವವಿದ್ಯಾಲಯದವರು ಅಮೆರಿಕ, ಕೆನಡಾದ ಅಡ್ವೆಂಟಿಸ್ಟ್ ಕ್ರೈಸ್ತರಲ್ಲಿ ನಡೆಸಿದ ಅಧ್ಯಯನ 2022ರಲ್ಲಿ ಬಂತು. 28,737 ಗಂಡಸರು. ದಿನಕ್ಕೆ ಸುಮಾರು 430 ಗ್ರಾಂ ಹೈನು ಪದಾರ್ಥ ತಗೊಳ್ಳುವವರಿಗೆ, ಸುಮಾರು 20 ಗ್ರಾಂ ಮಾತ್ರ ತಗೊಳ್ಳುವವರಿಗಿಂತ ಅಪಾಯ ಶೇ. 27 ಹೆಚ್ಚು. ಕೆನೆ ಹಾಲು, ಕೆನೆ ತೆಗೆದ ಹಾಲು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಫಲಿತಾಂಶ, ಹಾಗಾಗಿ ದೋಷ ಕೊಬ್ಬಿನದ್ದಲ್ಲ. ಚೀಸ್, ಮೊಸರಿಗೆ ಅಂಥ ಸಂಬಂಧ ಕಾಣಲಿಲ್ಲ. ಕುತೂಹಲದ ಸಂಗತಿ ಏನಂದರೆ ಹಾಲಿನ ಹೊರತಾದ ಮೂಲಗಳ ಕ್ಯಾಲ್ಸಿಯಂಗೂ ಸಂಬಂಧ ಇರಲಿಲ್ಲ. ಹಾಗಾಗಿ ಅನುಮಾನ ಕ್ಯಾಲ್ಸಿಯಂಗಿಂತ ಹಾಲಿನ ಬೇರೆ ಗುಣದ ಮೇಲೆ ಹೋಗುತ್ತೆ. ಹಾಲು ಕುಡಿದಾಗ ರಕ್ತದಲ್ಲಿ ಐಜಿಎಫ್-1 ಅನ್ನೋ ಬೆಳವಣಿಗೆಯ ಹಾರ್ಮೋನು ಸ್ವಲ್ಪ ಏರುತ್ತೆ, ಅದು ಹೆಚ್ಚಿರುವ ಗಂಡಸರಲ್ಲಿ ಈ ಕ್ಯಾನ್ಸರ್ ತುಸು ಹೆಚ್ಚು ಅನ್ನೋದು ಬೇರೆ ಅಧ್ಯಯನಗಳಲ್ಲಿ ಸಿಕ್ಕಿದೆ.

ಇನ್ನೊಂದು ಕಡೆ, ಹಲವು ಅಧ್ಯಯನ ಸೇರಿಸಿದ 2015ರ ವಿಶ್ಲೇಷಣೆಯಲ್ಲಿ ದಿನಕ್ಕೆ 400 ಗ್ರಾಂ ಹೈನಿಗೆ ಅಪಾಯ ಏರಿದ್ದು ಶೇ. 7 ಅಷ್ಟೇ.

ನಮ್ಮ ಮನೆಯ ಲೆಕ್ಕ ನೋಡಿ. ಎರಡು ಹೊತ್ತಿನ ಕಾಫಿಗೆ 150 ಮಿಲಿ ಹಾಲು, ಊಟಕ್ಕೆ 100 ಗ್ರಾಂ ಮೊಸರು. ಮಜ್ಜಿಗೆ ಎಷ್ಟು ಲೋಟ ಕುಡಿದರೂ ಅದರೊಳಗಿನ ಮೊಸರನ್ನಷ್ಟೇ ಎಣಿಸಿ, ನೀರನ್ನಲ್ಲ. ಒಟ್ಟು 250 ಆಸುಪಾಸು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 300 ಮಿಲಿ ಹಾಲು ಅಥವಾ ಮೊಸರು ಹೇಳುತ್ತೆ. ಅಲ್ಲಿಗೆ ಇದರಲ್ಲಿ ಕಡಿತ ಮಾಡುವಂಥದ್ದೇನೂ ಇಲ್ಲ. ಲೆಕ್ಕ ತಪ್ಪೋದು ಬೇರೆ ಕಡೆ: ರಾತ್ರಿ ದೊಡ್ಡ ಲೋಟ ಬಾದಾಮಿ ಹಾಲು, ಜಿಮ್‌ಗೆ ಹೋಗಿ ಬಂದು ವೇ ಪ್ರೋಟೀನ್, ಮೇಲೆ 500 ಮಿಗ್ರಾಂ ಕ್ಯಾಲ್ಸಿಯಂ ಮಾತ್ರೆ ಎರಡು. ಒಟ್ಟು ಕ್ಯಾಲ್ಸಿಯಂ 1500 ಮಿಗ್ರಾಂ ದಾಟಿದ ಗಂಡಸರಲ್ಲಿ ಮುಂದುವರಿದ ಹಂತದ ಕ್ಯಾನ್ಸರ್ ಹೆಚ್ಚು ಕಂಡ ಅಧ್ಯಯನ ಇದೆ. ಗಂಡಸಿಗೆ ಬೇಕಾದ್ದು 1000 ಮಿಗ್ರಾಂ.

ಹಾಲು ಕಡಿಮೆ ಮಾಡಲೇಬೇಕು ಅನ್ನುವವರಿಗೆ ರಾಗಿ ಇದೆ: 100 ಗ್ರಾಂ ಹಿಟ್ಟಿನಲ್ಲಿ ಸುಮಾರು 360 ಮಿಗ್ರಾಂ ಕ್ಯಾಲ್ಸಿಯಂ. 80 ಗ್ರಾಂ ಹಿಟ್ಟಿನ ಒಂದು ಮುದ್ದೆ ಅಂದರೆ 290 ಸಿಕ್ಕಿತು. ಅದರಲ್ಲಿ ಪೂರ್ತಿ ಮೈಗೆ ಹತ್ತಲ್ಲ, ರಾಗಿಯ ಫೈಟೇಟ್ ಅಡ್ಡ ಬರುತ್ತೆ. ರಾಗಿ ನೆನೆಸಿ ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಮಾಡಿಸಿದರೆ ಆ ತೊಡಕು ಕಡಿಮೆ ಆಗುತ್ತೆ.

ತಕ್ಕಡಿ
ಮೇಡಂ, ಒಂದು ತಿದ್ದುಪಡಿ. ಅಡ್ವೆಂಟಿಸ್ಟ್ ಅಧ್ಯಯನದ 1254 ಕ್ಯಾನ್ಸರ್‌ಗಳಲ್ಲಿ ಮುಂದುವರಿದ ಹಂತದ್ದು 190. ಪಿಎಸ್‌ಎ ಪರೀಕ್ಷೆಯನ್ನು ಲೆಕ್ಕದಲ್ಲಿ ಸರಿದೂಗಿಸಿದ್ದಾರೆ, ಒಪ್ಪುತ್ತೇನೆ. ಆದರೆ 20 ಗ್ರಾಂನವರು ಅಂದರೆ ಹೆಚ್ಚುಕಡಿಮೆ ಹೈನನ್ನೇ ಮುಟ್ಟದವರು. ಅವರು ಉಳಿದವರಿಗಿಂತ ಹತ್ತಾರು ವಿಷಯದಲ್ಲಿ ಬೇರೆಯಾಗಿ ಬದುಕುವವರು. ಅವರಿಗೂ ನಮ್ಮ ಮಜ್ಜಿಗೆ ಊಟದವರಿಗೂ ನೇರ ಹೋಲಿಕೆ ಬೇಡ.

ಮುದ್ದೆಬಸ್ಸಾರು
ಒಪ್ಪಿದೆ. ಅದಕ್ಕೇ "ಬಿಡಿ" ಅಂತ ಬರೆಯದೆ "ಎಣಿಸಿ" ಅಂತ ಬರೆದದ್ದು.

ವಾರ್ಡ್‌ಡ್ಯೂಟಿ
ಹಾಲಿನ ಮಾತು ಬಂದದ್ದರಿಂದ ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಮೇಲಿನದೆಲ್ಲ ಕ್ಯಾನ್ಸರ್ ಇಲ್ಲದವರ ಲೆಕ್ಕ. ಕ್ಯಾನ್ಸರ್ ಆಗಿ ಹಾರ್ಮೋನು ಇಂಜೆಕ್ಷನ್ ನಡೆಯುತ್ತಿರುವವರು ಈ ವಾಟ್ಸಾಪ್ ಪಟ್ಟಿ ನೋಡಿ ಹಾಲು ನಿಲ್ಲಿಸೋದು ದೊಡ್ಡ ತಪ್ಪು. ಟೆಸ್ಟೋಸ್ಟೆರಾನ್ ಇಳಿಸುವ ಚಿಕಿತ್ಸೆ ಮೂಳೆಯನ್ನು ಸವೆಸುತ್ತೆ. ಅಂಥವರಿಗೆ ಆಹಾರ ಮತ್ತು ಮಾತ್ರೆ ಕೂಡಿ ದಿನಕ್ಕೆ 1000ದಿಂದ 1200 ಮಿಗ್ರಾಂ ಕ್ಯಾಲ್ಸಿಯಂ, 800ರಿಂದ 1000 ಐಯು ವಿಟಮಿನ್ ಡಿ ಬೇಕು. ಜೊತೆಗೆ ಸ್ನಾಯು ಕರಗಿ ಹೊಟ್ಟೆ ಬರುತ್ತೆ, ಸಕ್ಕರೆ ಏರುತ್ತೆ. ಬೇಳೆ, ಮೊಟ್ಟೆ, ಮೀನು ಪ್ರತಿ ಊಟದಲ್ಲೂ ಇರಲಿ, ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ಅಥವಾ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ.

ಅಬಿರಾಟೆರಾನ್ ಅನ್ನೋ ಪ್ರಾಸ್ಟೇಟ್ ಕ್ಯಾನ್ಸರ್ ಮಾತ್ರೆ ತಗೊಳ್ಳುವವರಿಗೆ ಊಟದ ಸಮಯವೇ ಔಷಧದ ಭಾಗ. 1000 ಮಿಗ್ರಾಂ ಡೋಸ್ ಆದರೆ ಊಟವಾಗಿ ಎರಡು ಗಂಟೆ ಕಳೆದಿರಬೇಕು, ನುಂಗಿದ ಮೇಲೆ ಒಂದು ಗಂಟೆ ಏನೂ ತಿನ್ನಬಾರದು. ಎಣ್ಣೆ ತುಪ್ಪದ ಊಟದ ಜೊತೆ ತಗೊಂಡರೆ ರಕ್ತ ಸೇರುವ ಔಷಧದ ಒಟ್ಟು ಪ್ರಮಾಣ ಹತ್ತು ಪಟ್ಟಿನವರೆಗೆ ಏರಬಹುದು. ಈ ಗುಣವನ್ನೇ ಬಳಸಿಕೊಂಡು ಕೆಲವು ವೈದ್ಯರು 250 ಮಿಗ್ರಾಂ ಮಾತ್ರೆಯನ್ನು ಕಡಿಮೆ ಕೊಬ್ಬಿನ ತಿಂಡಿಯ ಜೊತೆ ಕೊಡುತ್ತಾರೆ. ಎರಡು ಪದ್ಧತಿ ಬೆರೆಸಬೇಡಿ. ಚೀಟಿಯಲ್ಲಿ ಯಾವುದು ಬರೆದಿದೆಯೋ ಅದೇ.

ಅಡುಗೆಲ್ಯಾಬ್
ಟೊಮೆಟೊ. 1995ರಲ್ಲಿ ಹಾರ್ವರ್ಡ್‌ನವರು ಆರೋಗ್ಯ ವೃತ್ತಿಯ ಗಂಡಸರ ಅಧ್ಯಯನದಲ್ಲಿ ಬೇಯಿಸಿದ ಟೊಮೆಟೊ ಸಾಸ್ ತಿನ್ನುವವರಿಗೆ ಅಪಾಯ ಕಡಿಮೆ ಅಂದರು, ಕೆಂಪು ಬಣ್ಣದ ಲೈಕೋಪೀನ್ ಹೆಸರುವಾಸಿಯಾಯ್ತು. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2007ರ ವರದಿಯಲ್ಲಿ ಅದನ್ನು "ಬಹುಶಃ ರಕ್ಷಿಸುತ್ತದೆ" ಅನ್ನುವ ದರ್ಜೆಗೆ ಏರಿಸಿತು. 2014ರಲ್ಲಿ ಪುರಾವೆ ಸಾಲದು ಅಂತ ಅದೇ ಸಂಸ್ಥೆ ಕೆಳಗಿಳಿಸಿತು. ಆ ಏಳು ವರ್ಷದಲ್ಲಿ ಮಾರಾಟವಾದ ಲೈಕೋಪೀನ್ ಮಾತ್ರೆಗಳ ಡಬ್ಬಿ ಮೇಲಿನ ಮಾತು ಮಾತ್ರ ಕೆಳಗಿಳಿಯಲಿಲ್ಲ!

ತಿನ್ನೋದೇ ಆದರೆ ಸರಿಯಾಗಿ ತಿನ್ನಿ. ಹಸಿ ಟೊಮೆಟೊದಲ್ಲಿ 100 ಗ್ರಾಂಗೆ ಸುಮಾರು 3 ಮಿಗ್ರಾಂ ಲೈಕೋಪೀನ್, ಅದೂ ಕೋಶದ ಗೋಡೆಯೊಳಗೆ ಸಿಕ್ಕಿಕೊಂಡಿರುತ್ತೆ. ಬೇಯಿಸಿದಾಗ ಗೋಡೆ ಒಡೆಯುತ್ತೆ, ಅಣುವಿನ ಆಕಾರವೂ ಬದಲಾಗಿ ಕರುಳು ಸುಲಭವಾಗಿ ಹೀರುತ್ತೆ. ಲೈಕೋಪೀನ್ ಎಣ್ಣೆಯಲ್ಲಿ ಕರಗುವಂಥದ್ದು, ಹಾಗಾಗಿ ಎಣ್ಣೆಯೇ ಇಲ್ಲದ ತಿಳಿಸಾರಿಗಿಂತ ಗೊಜ್ಜು ಮೇಲು. ಅರ್ಧ ಕೆಜಿ ಪೂರ್ತಿ ಹಣ್ಣಾದ ಟೊಮೆಟೊ, ಎರಡು ಟೀ ಚಮಚ ಎಣ್ಣೆ, ಸಣ್ಣ ಉರಿಯಲ್ಲಿ ಅರ್ಧ ಗಂಟೆ, ಎಣ್ಣೆ ಅಂಚಿಗೆ ಬಿಡುವ ತನಕ. ಸಿಪ್ಪೆ ತೆಗೆಯಬೇಡಿ, ಬಣ್ಣ ಹೆಚ್ಚಿರೋದೇ ಅಲ್ಲಿ. ಮಾರುಕಟ್ಟೆಯ ಅರೆಹಣ್ಣಾದ ಕಿತ್ತಳೆ ಬಣ್ಣದ ಕಾಯಿ ತಂದರೆ ಅರ್ಧ ಲಾಭ ಅಲ್ಲೇ ಹೋಯ್ತು, ಎರಡು ದಿನ ಹೊರಗಿಟ್ಟು ಹಣ್ಣು ಮಾಡಿ.

ಕೆಚಪ್ ಇದಕ್ಕೆ ಬದಲಿ ಅಲ್ಲ, ಸಕ್ಕರೆ ಉಪ್ಪೇ ಜಾಸ್ತಿ. ಕಲ್ಲಂಗಡಿ, ಕೆಂಪು ತಿರುಳಿನ ಸೀಬೆ ಎರಡರಲ್ಲೂ ಹಸಿ ಟೊಮೆಟೊಗಿಂತ ಹೆಚ್ಚು ಲೈಕೋಪೀನ್ ಇದೆ. ಕಿಡ್ನಿ ತೊಂದರೆಯಿಂದ ಪೊಟ್ಯಾಸಿಯಂ ಮಿತಿ ಹಾಕಿಸಿಕೊಂಡವರು ಗೊಜ್ಜಿನ ಪ್ರಮಾಣ ಕೇಳಿ ತಿನ್ನಬೇಕು. ಬತ್ತಿಸಿದ ಟೊಮೆಟೊದಲ್ಲಿ ಅದೂ ಗಟ್ಟಿಯಾಗಿರುತ್ತೆ.

ಜ್ವಾಳದರೊಟ್ಟಿ
ಅಗಸಿ ಬಗ್ಗೆ ನಾ ಹೇಳ್ತೀನ್ರಿ. 2008ರಾಗ ಅಮೆರಿಕಾದಾಗ ಪ್ರಾಸ್ಟೇಟ್ ಆಪರೇಷನ್ನಿಗೆ ಕಾಯಕತ್ತಿದ್ದ 161 ಮಂದಿ ಮ್ಯಾಲೆ ಒಂದ್ ಪ್ರಯೋಗ ಆತು. ಸುಮಾರು ಒಂದ್ ತಿಂಗಳ ದಿನಕ್ಕ 30 ಗ್ರಾಂ ಅಗಸಿ ಪುಡಿ. ತಿಂದವರ ಗಡ್ಡಿಯೊಳಗ ಕೋಶ ಬೆಳೆಯೂ ವೇಗ ಕಡಿಮಿ ಕಂಡೈತಿ, ಆದ್ರ ಪಿಎಸ್‌ಎದಾಗ ಏನೂ ಫರಕ್ ಇಲ್ಲ. ಇದು ಕ್ಯಾನ್ಸರ್ ತಡೀತೈತಿ ಅನ್ನೂ ಪುರಾವೆ ಅಲ್ರಿ, ಒಂದ್ ಸುಳಿವು ಅಷ್ಟ.

ಈಗ 30 ಗ್ರಾಂ ಅಂದ್ರ ನಾಲ್ಕ ದೊಡ್ಡ ಚಮಚ ಪುಡಿ. ಅಷ್ಟೂ ಅಗಸಿ ಹಿಂಡಿ ರೂಪದಾಗ ತಿಂದ್ರ ಉಪ್ಪು, ಖಾರ ಎಷ್ಟ್ ಹೊಟ್ಟಿಗೆ ಹೋಗ್ತೈತಿ ನೀವ ಲೆಕ್ಕ ಹಾಕ್ರಿ. ರೊಟ್ಟಿ ಜೋಡಿ ಒಂದ್ ಚಮಚ ಹಿಂಡಿ ಸಾಕು. ಉಳಿದದ್ದು ಬೇಕಂದ್ರ ಸಪ್ಪನ ಪುಡಿ ಮೊಸರಿಗೆ ಇಲ್ಲಾ ರೊಟ್ಟಿ ಹಿಟ್ಟಿಗೆ ಬೆರಸ್ರಿ. ಇಡೀ ಕಾಳು ನುಂಗಬ್ಯಾಡ್ರಿ, ಹೆಂಗ ಹೋಗಿತ್ತೋ ಹಂಗ ಹೊರಗ ಬರ್ತೈತಿ. ಸಣ್ಣ ಉರಿಮ್ಯಾಗ ಚಟಪಟ ಅನ್ನೂತನ ಹುರದು, ಆರಿಸಿ, ಒಂದ್ ವಾರಕ್ಕ ಬೇಕಾದಷ್ಟ ಕುಟ್ರಿ. ಪುಡಿ ಮಾಡಿದ ಮ್ಯಾಲೆ ಅದರ ಎಣ್ಣಿ ಗಾಳಿ ತಾಗಿ ಬಲ್ದಿ ಕಮಟ್ ಆಗ್ತೈತಿ. ಮೊದಲ ಒಂದ್ ಚಮಚದಿಂದ ಸುರು ಮಾಡಿ, ನೀರ್ ಜಾಸ್ತಿ ಕುಡೀರಿ, ಇಲ್ಲಂದ್ರ ಹೊಟ್ಟಿ ಉಬ್ಬರಿಸಿ ಮಲಬದ್ಧತಿ. ರಕ್ತ ತೆಳು ಮಾಡೂ ಗುಳಿಗಿ ನಡದಿದ್ರ ಡಾಕ್ಟರ್‌ಗೆ ಹೇಳಿ ತಿನ್ರಿ.

ಓಪಿಡಿ
ಪಟ್ಟಿಯಲ್ಲಿ ಇಲ್ಲದ ಒಂದು ವಿಷಯಕ್ಕೆ ಎಲ್ಲಕ್ಕಿಂತ ಗಟ್ಟಿ ಪುರಾವೆ ಇದೆ: ಬೊಜ್ಜು. ಟೊಮೆಟೊವನ್ನು ಕೆಳಗಿಳಿಸಿದ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ 2014ರ ಅದೇ ವರದಿ ಬಲವಾದ ಪುರಾವೆ ಅಂತ ಒಪ್ಪಿದ್ದು ಇದನ್ನು. ಬಿಎಂಐ (ಎತ್ತರಕ್ಕೆ ತಕ್ಕಂತೆ ತೂಕ ಅಳೆಯುವ ಸೂಚ್ಯಂಕ) 5 ಅಂಶ ಏರಿದರೆ ಮುಂದುವರಿದ ಹಂತದ ಪ್ರಾಸ್ಟೇಟ್ ಕ್ಯಾನ್ಸರ್ ಅಪಾಯ ಸುಮಾರು ಶೇ. 8 ಏರುತ್ತದೆ. ತಕ್ಕಡಿಯವರು ಹೇಳಿದ ಗೊಂದಲ ಇಲ್ಲಿ ಕಡಿಮೆ, ಏಕೆಂದರೆ ಎಣಿಸಿದ್ದು ಮುಂದುವರಿದದ್ದನ್ನೇ. (ಎತ್ತರದ ಗಂಡಸರಿಗೂ ಅಪಾಯ ತುಸು ಹೆಚ್ಚು. ಅದಕ್ಕೆ ಪಥ್ಯ ಇಲ್ಲ.)

ಬೊಜ್ಜಿನ ಇನ್ನೊಂದು ಮೋಸ ಪರೀಕ್ಷೆಯಲ್ಲಿ. ದಪ್ಪ ಮೈಯಲ್ಲಿ ರಕ್ತದ ದ್ರವಾಂಶ ಹೆಚ್ಚು, ಅಷ್ಟೇ ಪಿಎಸ್‌ಎ ಹೆಚ್ಚು ನೀರಿನಲ್ಲಿ ಕರಗಿದಂತಾಗಿ ಸಂಖ್ಯೆ ಕಡಿಮೆ ತೋರುತ್ತದೆ. ಪತ್ತೆ ತಡವಾಗಲು ಅದೂ ಒಂದು ಕಾರಣ.

ಭಾರತೀಯರಿಗೆ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. ಸೊಂಟ 90 ಸೆಂ.ಮೀ. ಒಳಗಿರಲಿ. ಪ್ಯಾಂಟಿನ ಅಳತೆ ಲೆಕ್ಕಕ್ಕಿಲ್ಲ, ಬಹಳ ಜನ ಬೆಲ್ಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಪಕ್ಕೆಲುಬಿನ ಕೆಳತುದಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ, ಉಸಿರು ಬಿಟ್ಟು ಟೇಪ್ ಹಿಡಿಯಿರಿ.

ಎಲ್ಲಿಂದ ಕಡಿಮೆ ಮಾಡೋದು? ಎಣ್ಣೆ ಡಬ್ಬಿಯಿಂದ ಶುರು ಮಾಡಿ. ಕೂತು ಕೆಲಸ ಮಾಡುವವರಿಗೆ ಪೋಷಣ ಸಂಸ್ಥೆ ಹೇಳುವುದು ತುಪ್ಪ ಎಣ್ಣೆ ಸೇರಿ ದಿನಕ್ಕೆ 27 ಗ್ರಾಂ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರೂಕಾಲು ಕೆಜಿ ಆಯಿತು. ತಿಂಗಳ ದಿನಸಿ ಚೀಟಿಯಲ್ಲಿ ಐದು ಕೆಜಿ ಇದ್ದರೆ ಉತ್ತರ ಅಲ್ಲೇ ಸಿಕ್ಕಿತು. ಆಮೇಲೆ ರಾತ್ರಿಯ ಅನ್ನ, ಸಂಜೆಯ ಬೇಕರಿ, ವಾರಾಂತ್ಯದ ಮದ್ಯ.

ಅಪ್ಪ ಅಥವಾ ಅಣ್ಣತಮ್ಮಂದಿರಿಗೆ ಈ ಕ್ಯಾನ್ಸರ್ ಆಗಿದ್ದರೆ ಅಪಾಯ ಸುಮಾರು ಎರಡು ಪಟ್ಟು. ಯಾವ ಸೊಪ್ಪೂ ಅದನ್ನು ಸರಿದೂಗಿಸುವುದಿಲ್ಲ, ಅಂಥವರು ಬೇಗನೆ ಮೂತ್ರರೋಗ ತಜ್ಞರ ಹತ್ತಿರ ಪರೀಕ್ಷೆಯ ಬಗ್ಗೆ ಮಾತಾಡಬೇಕು.

ಸನ್ನಿವೇಲ್‌ಕನ್ನಡಿಗ
ಇಲ್ಲಿ ಡಾಕ್ಟರ್ "ಆಕ್ಟಿವ್ ಸರ್ವೆಲೆನ್ಸ್" ಅಂತ ಸಣ್ಣ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡದೆ ಗಮನಿಸ್ತಾರೆ. ಆ ಹಂತದಲ್ಲಿ ಆಹಾರ ಬದಲಿಸಿದರೆ ಬೆಳೆಯೋದು ನಿಲ್ಲುತ್ತಾ?

ತಕ್ಕಡಿ
ಇದಕ್ಕೆ ನೇರ ಉತ್ತರವೇ ಇದೆ. ಮೀಲ್ ಅನ್ನುವ ಪ್ರಯೋಗ, 2020ರ ಜನವರಿಯಲ್ಲಿ ಪ್ರಕಟವಾಯಿತು. ನೀವು ಹೇಳಿದ ಹಂತದ 478 ಗಂಡಸರಲ್ಲಿ ಅರ್ಧ ಜನಕ್ಕೆ ಫೋನಿನಲ್ಲಿ ಸಲಹೆ ಕೊಡುತ್ತಾ ದಿನಕ್ಕೆ ಏಳು ಪಾಲು ತರಕಾರಿ ತಿನ್ನಿಸಿದರು. ಅವರು ನಿಜಕ್ಕೂ ಹೆಚ್ಚು ತಿಂದರು. ಎರಡು ವರ್ಷದ ಕೊನೆಗೆ ಕ್ಯಾನ್ಸರ್ ಮುಂದುವರಿಯುವುದರಲ್ಲಿ ವ್ಯತ್ಯಾಸ ಇಲ್ಲ.

2024ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಿಂದ ಇನ್ನೊಂದು ಬಂತು: 100 ಜನ, ಒಂದು ವರ್ಷ, ಕರಿದದ್ದು ಮತ್ತು ಒಮೆಗಾ-6 ಎಣ್ಣೆ ಕಡಿಮೆ ಮಾಡಿ ಮೀನೆಣ್ಣೆ ಕೊಟ್ಟರು. ಕೋಶ ವಿಭಜನೆಯ ಸೂಚಕ ಹೀಗೆ ಊಟ ಬದಲಿಸಿದ ಗುಂಪಿನಲ್ಲಿ ಶೇ. 15 ಇಳಿಯಿತು, ಬದಲಿಸದ ಗುಂಪಿನಲ್ಲಿ ಶೇ. 24 ಏರಿತು. ಬಯಾಪ್ಸಿಯಲ್ಲಿ (ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆ) ಕಂಡ ಕ್ಯಾನ್ಸರಿನ ದರ್ಜೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಇನ್ನು ಕ್ಯಾನ್ಸರ್ ಇಲ್ಲದವರು ತಡೆಗಟ್ಟಲು ಮೀನೆಣ್ಣೆ ನುಂಗುವ ಮಾತಿಗೆ ವೈಟಲ್ ಪ್ರಯೋಗ ಸಾಕು: 25,871 ಜನ, ಒಮೆಗಾ-3 ದಿನಕ್ಕೆ 1 ಗ್ರಾಂ, ವಿಟಮಿನ್ ಡಿ 2000 ಐಯು, ಎರಡರಿಂದಲೂ ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆಯಾಗಲಿಲ್ಲ.

ತರಕಾರಿ ತಿನ್ನಿ, ಹೃದಯಕ್ಕೆ ಬೇಕು. ಈ ಕಾಯಿಲೆಯವರಲ್ಲಿ ಬಹಳ ಮಂದಿ ತೀರಿಕೊಳ್ಳೋದು ಹೃದಯದ ತೊಂದರೆಯಿಂದಲೇ. ಆದರೆ ತರಕಾರಿ ತಿಂತಿದ್ದೀನಿ ಅಂತ ಮುಂದಿನ ಬಯಾಪ್ಸಿ ತಪ್ಪಿಸಬೇಡಿ.

ಔಷಧದಂಗಡಿ
ಗ್ರೀನ್ ಟೀ ಉಳಿಯಿತು. ಲೋಟದಲ್ಲಿ ಕುಡಿಯೋದಕ್ಕೆ ಅಡ್ಡಿ ಇಲ್ಲ. ಕ್ಯಾಪ್ಸೂಲ್ ಬೇಡ. 2006ರಲ್ಲಿ ಇಟಲಿಯ 60 ಜನರ ಸಣ್ಣ ಪ್ರಯೋಗದಲ್ಲಿ ಅದ್ಭುತ ಫಲ ಬಂತು, 2015ರಲ್ಲಿ ಅಮೆರಿಕದಲ್ಲಿ ಮತ್ತೆ ಮಾಡಿದಾಗ ಆ ಫಲ ಬರಲಿಲ್ಲ. ಸಾರದ ಮಾತ್ರೆಯಲ್ಲಿ ಇಜಿಸಿಜಿ ಅನ್ನೋ ಅಂಶ ದಿನಕ್ಕೆ 800 ಮಿಗ್ರಾಂ ಮುಟ್ಟಿದರೆ ಲಿವರ್‌ಗೆ ಪೆಟ್ಟಿನ ಸೂಚನೆ ಇದೆ ಅಂತ ಐರೋಪ್ಯ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ.

ಕಟ್ಟೆಪುರಾಣ
ಕೊನೆಯ ಪ್ರಶ್ನೆ. ಪಿಎಸ್‌ಎ ಮಾಡಿಸೋಕೆ ಹೋಗುವ ಮುಂಚೆ ಊಟ, ಮಾತ್ರೆ ಏನಾದರೂ ನಿಲ್ಲಿಸಬೇಕಾ?

ಸ್ಯಾಂಪಲ್‌ಟ್ಯೂಬ್
ಖಾಲಿ ಹೊಟ್ಟೆ ಬೇಕಿಲ್ಲ. ಕೂದಲಿನ ಮಾತ್ರೆ ನೋಡಿಕೊಳ್ಳಿ. ಅದರಲ್ಲಿ ಬಯೋಟಿನ್ ಅನ್ನೋ ಬಿ ವಿಟಮಿನ್ 5ರಿಂದ 10 ಮಿಗ್ರಾಂ ಇರುತ್ತೆ, ಬೇಕಾದ್ದು ದಿನಕ್ಕೆ ಕೆಲವು ಹತ್ತು ಮೈಕ್ರೋಗ್ರಾಂ ಅಷ್ಟೇ. ಕೆಲವು ಯಂತ್ರಗಳ ಪಿಎಸ್‌ಎ ಪರೀಕ್ಷೆ ಬಯೋಟಿನ್ ಅಂಟಿನ ಮೇಲೆ ನಡೆಯುತ್ತೆ, ರಕ್ತದಲ್ಲಿ ಅದು ತುಂಬಿದ್ದರೆ ಸಂಖ್ಯೆ ಸುಳ್ಳಾಗಿ ಕಡಿಮೆ ಬರುತ್ತೆ. ಎರಡು ಮೂರು ದಿನ ಮುಂಚೆ ನಿಲ್ಲಿಸಿ, ಲ್ಯಾಬ್‌ನವರಿಗೂ ಹೇಳಿ. ಕೂದಲಿಗೋ ಮೂತ್ರದ ತೊಂದರೆಗೋ ಫಿನಾಸ್ಟೆರೈಡ್ ತಗೊಳ್ತಿದ್ದರೆ ಅದನ್ನು ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ. ಆರು ತಿಂಗಳಿಂದ ವರ್ಷದೊಳಗೆ ಅದು ಪಿಎಸ್‌ಎಯನ್ನು ಅರ್ಧಕ್ಕೆ ಇಳಿಸುತ್ತೆ, ಬಂದ ಸಂಖ್ಯೆಯನ್ನು ಅವರು ಎರಡರಿಂದ ಗುಣಿಸಿ ಓದ್ತಾರೆ. ಸ್ಖಲನ ಮತ್ತು ದೂರದ ಸೈಕಲ್ ಸವಾರಿ 48 ಗಂಟೆ ಬೇಡ. ಉರಿಮೂತ್ರ, ಜ್ವರ ಇದ್ದು ಸೋಂಕಿಗೆ ಔಷಧಿ ನಡೆದಿದ್ದರೆ ವಾಸಿಯಾಗಿ ಆರರಿಂದ ಎಂಟು ವಾರ ಬಿಟ್ಟು ರಕ್ತ ಕೊಡಿ. ಎರಡನೇ ಸಲವೂ ಅದೇ ಲ್ಯಾಬ್‌ನಲ್ಲಿ ಮಾಡಿಸಿ, ಯಂತ್ರ ಬದಲಾದರೆ ಸಂಖ್ಯೆಯೂ ಅಲ್ಲಾಡುತ್ತೆ.